ಕೊನೆಯ ಸಾಲಿನ ಜಯಕ್ಕ

ಮದುವೆ ಛತ್ರಕ್ಕೆ ಬಂದ ವಿಡಿಯೋದವರು ಮೊದಲು ಕೇಳುವುದು ಹೆಣ್ಣಿನ ಕೋಣೆ ಎಲ್ಲಿ ಎಂದು. ಜಯಕ್ಕ ಹೋಗುತ್ತಿದ್ದದ್ದು ಕೊನೆಯ ಸಾಲಿಗೆ. ಫ್ಯಾನಿನ ಗಾಳಿ ಬಾರದ, ಮಂಟಪ ಸರಿಯಾಗಿ ಕಾಣದ ಆ ಕುರ್ಚಿಗಳಲ್ಲಿ ಕೂತ ಅಜ್ಜ ಅಜ್ಜಿಯರ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುತ್ತಿದ್ದರು. ಒಬ್ಬೊಬ್ಬರಿಂದಲೂ ಎರಡು ಮಾತು ಹೊರಡಿಸಿದ ಮೇಲೆಯೇ ಮಂಟಪದ ಕಡೆ ತಿರುಗುವುದು.

ಹೆಣ್ಣಿನ ಕಡೆಯವರು ರೇಗುತ್ತಿದ್ದರು. “ಏನಮ್ಮಾ, ಅಲ್ಲಿ ಉಡ್ಗಿ ಅಲಂಕಾರ ಆಗ್ತೈತೆ, ನೀನಿಲ್ಲಿ ಮುದುಕೀರ ತಾವ ನಿಂತಿದ್ದೀಯಲ್ಲ!”

“ಉಡ್ಗಿ ಎಲ್ಗೋಯ್ತಾಳೆ? ನಾಳೆನೂ ಇರ್ತಾಳೆ. ಈವಮ್ಮನ್ನ ಮುಂದಿನ ಮದ್ವೇಲಿ ತೋರಿಸ್ತೀಯಾ? ಬರ್ಕೊಡು ಮತ್ತೆ” ಎನ್ನುತ್ತಿದ್ದರು ಜಯಕ್ಕ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಕೆ.ಆರ್. ನಗರದಲ್ಲಿ ಒಂದೇ ಷಟರಿನ ಸ್ಟುಡಿಯೋ ಅವರದು. ಗಂಡ ತೀರಿಕೊಂಡಾಗ, ಮುಂಗಡ ಹಿಡಿದಿದ್ದ ಮದುವೆಗಳಿಗೆ ಬೇರೆಯವರನ್ನು ಕಳಿಸದೆ ಕ್ಯಾಮೆರಾ ತಾವೇ ಹೆಗಲಿಗೆ ಹಾಕಿಕೊಂಡರು. ಆಮೇಲೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಲ್ಲ ಕಡೆಗೂ ಅವರನ್ನೇ ಕರೆಯತೊಡಗಿದರು. ನಾನು ಹುಣಸೂರಿನಲ್ಲಿ ಪತ್ರಿಕೆಯೊಂದರ ವರದಿಗಾರ. ನಿಧನ ವಾರ್ತೆಗೆ ಫೋಟೋ ಬೇಕಾದಾಗಲೆಲ್ಲ ಅವರಿಗೆ ಫೋನ್ ಮಾಡುತ್ತಿದ್ದೆ. ಪರಿಚಯ ಬೆಳೆದದ್ದು ಹಾಗೆ.

ನಮ್ಮ ಕಡೆ ಯಾರಾದರೂ ಹೋದರೆ, ತಿಥಿಯೊಳಗೆ ಊರ ಬಾಗಿಲಲ್ಲಿ ಫ್ಲೆಕ್ಸ್ ನಿಲ್ಲಬೇಕು. ಮನೆಯಲ್ಲಿ ಹುಡುಕಿದರೆ ಸಿಗುವುದು ಆಧಾರ್ ಕಾರ್ಡಿನ ಮುಖ. “ಆಧಾರ್‌ನಾಗೆ ಎಲ್ರೂ ಕಳ್ಳರಂಗೆ ಕಾಣ್ತಾರೆ ಕಣ್ರೀ. ಸತ್‌ಮ್ಯಾಲಾದ್ರೂ ಮನುಷ್ಯರಂಗೆ ಕಾಣ್ಲಿ” ಎಂದು ಜಯಕ್ಕ ಹಳೆಯ ಮದುವೆಗಳನ್ನು ತೆರೆದು, ಕೊನೆಯ ಸಾಲಿನಲ್ಲಿ ನಗುತ್ತ ಕೂತ ಮುಖವನ್ನು ತೆಗೆದುಕೊಡುತ್ತಿದ್ದರು. ಅದಕ್ಕಾಗಿಯೇ ಅವರು ಯಾವ ಮದುವೆಯನ್ನೂ ಅಳಿಸುತ್ತಿರಲಿಲ್ಲ. ಮುರಿದುಬಿದ್ದ ಮದುವೆಗಳೂ ಅವರಲ್ಲಿ ಭದ್ರವಾಗಿದ್ದವು. “ಗಂಡ ಎಂಡ್ರು ಜಗಳ ಆಡ್ಕೊಂಡ್ರೆ ಅಜ್ಜೀದೇನ್ ತಪ್ಪು?”

ನನ್ನ ಕೆಲಸದ ಒಂದು ಪಾಠವನ್ನು ಅವರಿಂದ ಕಲಿತೆ. ಸಭೆಗೆ ಹೋದರೆ ಈಗ ವೇದಿಕೆಯಲ್ಲಿ ಕೂತವರ ಹೆಸರು ಬರೆದುಕೊಳ್ಳುವ ಮುಂಚೆ ಹಿಂದೆ ಕೂತವರನ್ನು ಮಾತಾಡಿಸುತ್ತೇನೆ. ಸುದ್ದಿ ಸಾಮಾನ್ಯವಾಗಿ ಅಲ್ಲಿರುತ್ತದೆ.

ರಾವಂದೂರು ಕಡೆಯ ಪುಟ್ಟಸ್ವಾಮಿ ಸ್ಟುಡಿಯೋಕ್ಕೆ ಬಂದ ದಿನ ನಾನೂ ಅಲ್ಲಿದ್ದೆ. ಹೊಗೆಸೊಪ್ಪು ಬೆಳೆಯುವವರು, ನಡುವಯಸ್ಸು. ತಾಯಿ ನಿಂಗಮ್ಮ ತೀರಿಕೊಂಡಿದ್ದರು. ಫೋಟೋ ಇತ್ತು, ಅವರಿಗೆ ಬೇಕಾದದ್ದು ದನಿ. “ನಮ್ಮಕ್ಕನ ಮಗಳ ಮದ್ವೇಲಿ ನೀವು ಅವ್ವನ್ನ ಮಾತಾಡಿಸಿದ್ರಿ. ಒಂದ್ಸಲ ಕೇಳಿಸಿ, ಸಾಕು.”

ಜಯಕ್ಕ ಆ ವರ್ಷದ ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ಅದು ಟಕ್ ಟಕ್ ಎಂದು ಸದ್ದು ಮಾಡಿತು, ತೆರೆಯಲಿಲ್ಲ. ಮೈಸೂರಿನ ರಿಪೇರಿಯವರೂ ಕೈಚೆಲ್ಲಿದರು. ಮತ್ತೆ ಬಂದ ಪುಟ್ಟಸ್ವಾಮಿಗೆ ಜಯಕ್ಕ ಡಿಸ್ಕನ್ನು ದೂರಲಿಲ್ಲ.

“ಓಯ್ತು ಕಣಪ್ಪ. ನಿಮ್ಮವ್ವ ನನ್ ಕೈಲಿದ್ರು, ನಾನು ಉಳಿಸ್ಕೊಳ್ನಿಲ್ಲ. ಆದ್ರೆ ಆಯಮ್ಮ ಒಂದೇ ಮದ್ವೆಗೆ ಓಗಿರಲ್ಲ. ಬೇರೆ ಯಾರ್ದೋ ಮದ್ವೇಲಿ ಕೂತೇ ಇರ್ತಾರೆ. ಹುಡುಕ್ಕೊಡ್ತೀನಿ.”

ಹುಡುಕಬೇಕೆಂದರೆ ಉಳಿದ ಡಿಸ್ಕುಗಳನ್ನು ಗಂಟೆಗಟ್ಟಲೆ ಓಡಿಸಬೇಕು. ಅವೂ ಅದೇ ವಯಸ್ಸಿನವು. ಹುಡುಕಾಟದಲ್ಲೇ ಅವು ಸತ್ತರೆ ನಿಂಗಮ್ಮನ ಜೊತೆ ಉಳಿದವರೆಲ್ಲರ ದನಿಯೂ ಹೋಗುತ್ತದೆ. ಮೊದಲು ಎಲ್ಲವನ್ನೂ ತಿರುಗುವ ತಟ್ಟೆಯಿಲ್ಲದ ದೊಡ್ಡದೊಂದು ಎಸ್‌ಎಸ್‌ಡಿಗೆ ಸಾಗಿಸುವುದೆಂದು ತೀರ್ಮಾನವಾಯಿತು.

ಜಯಕ್ಕನ ತಮ್ಮನೊಬ್ಬ ಆನ್‌ಲೈನಿನಲ್ಲಿ ಅಗ್ಗಕ್ಕೆ ಒಂದನ್ನು ತರಿಸಿಕೊಟ್ಟ. ಹೊಸ ಕೊಡಪಾನಕ್ಕೆ ಕಂಠದವರೆಗೆ ನೀರು ತುಂಬಿ, ತೊಟ್ಟಿಕ್ಕುತ್ತದೋ ಎಂದು ನೋಡಿಯೇ ಒಳಗೆ ತರುವ ಹೆಂಗಸು ಜಯಕ್ಕ. ಇದನ್ನೂ ಹಾಗೇ ತುಂಬಿದರು, ಮೂಲವನ್ನು ಅಳಿಸದೆ. ತುಂಬಿದ ಮೇಲೆ ಒಂದೊಂದೇ ತೆರೆದು ನೋಡಿದರು. ಮೊದಲ ಕೆಲವು ಮದುವೆಗಳು ಓಡಿದವು. ಮುಂದಿನವುಗಳಿಗೆ ಹೆಸರಿತ್ತು, ಒಳಗೆ ಏನೂ ಇರಲಿಲ್ಲ. ಪೊಟ್ಟಣದ ಮೇಲೆ ಬರೆದಷ್ಟು ಜಾಗ ಅದರಲ್ಲಿ ಇರಲೇ ಇಲ್ಲ.

“ಲಗ್ನಪತ್ರಿಕೆ ಐತೆ, ಮದ್ವೆನೇ ಇಲ್ಲ ಕಣ್ಲಾ” ಎಂದು ತಮ್ಮನಿಗೆ ವಾಪಸು ಕೊಟ್ಟರು.

ಆಮೇಲೆ ನನ್ನನ್ನು ಮೈಸೂರಿಗೆ ಹೊರಡಿಸಿದರು. “ನೀವು ಬನ್ನಿ ಪೇಪರ್‌ನೋರೇ. ಪ್ರಶ್ನೆ ಕೇಳೋಕೆ ಸಂಬಳ ತಗೊಳೋರು ನೀವು.” ಕಂಪ್ಯೂಟರ್ ಅಂಗಡಿಯಲ್ಲಿ ನನಗೆ ಬಾಯಿ ತೆರೆಯಲು ಅವಕಾಶವೇ ಸಿಗಲಿಲ್ಲ.

“ಇದು ಸಖತ್ ಸ್ಪೀಡ್ ಮೇಡಂ, ಗೇಮ್ಸ್‌ಗೆ ಬೆಸ್ಟ್” ಎಂದ ಅಂಗಡಿಯವನು.

“ಆಟ ಆಡೋ ವಯಸ್ಸಾ ಕಣಪ್ಪ ನಂದು? ಮೊದ್ಲ ಪಂಕ್ತಿಗೆ ಎಲ್ರೂ ಜೋರಾಗೇ ಬಡಿಸ್ತಾರೆ. ಕೊನೆ ಪಂಕ್ತಿಗೆ ಎಂಗೆ ಬಡಿಸ್ತೈತೆ, ಅದ್ ಹೇಳು.”

ಅವನು ನಕ್ಕ, ನಕ್ಕ ಮೇಲೆ ಯೋಚಿಸಿದ. ಒಂದೇ ಸಮನೆ ಬರೆಯುತ್ತ ಹೋದರೆ ಈ ಮಾದರಿ ಸುಸ್ತಾಗಿ ನಿಧಾನವಾಗುತ್ತದೆ ಎಂದು ಒಪ್ಪಿಕೊಂಡು, ಅದನ್ನು ಒಳಗಿಟ್ಟು ಬೇರೊಂದನ್ನು ತಂದ. ಇದ್ದ ಮದುವೆಗಳೆಲ್ಲ ನಾಲ್ಕು ಟಿಬಿ ಜಾಗದಲ್ಲಿ ಹಿಡಿಯುತ್ತವೆ ಎಂದ. ಜಯಕ್ಕ ಎಂಟು ಟಿಬಿಯದರ ಮೇಲೆ ಕೈಯಿಟ್ಟರು. “ಬಂದೋರ್ನ ಮಾತ್ರ ಲೆಕ್ಕ ಇಟ್ಟು ಚಪ್ಪರ ಆಕ್ತಾರಾ? ಬರೋರಿಗೂ ಜಾಗ ಬ್ಯಾಡ್ವಾ?”

ಕೊನೆಗೆ ವಾರಂಟಿಯ ಮಾತು ಬಂತು.

“ಇದು ಕೆಟ್ರೆ?”

“ಹೊಸದು ಕೊಡ್ತೀವಿ ಮೇಡಂ.”

“ಒಳಗಿರೋರ್ನ?”

ಅವನು ತಲೆ ಅಲ್ಲಾಡಿಸಿದ.

“ಅಂಗಾದ್ರೆ ಎರಡು ಕೊಡು.”

ಕೂಡಿಟ್ಟ ಹಣವೆಲ್ಲ ಅದಕ್ಕೇ ಹೋಗಿ, ಹೊಸ ಕ್ಯಾಮೆರಾ ಕೊಳ್ಳುವ ಅವರ ಆಸೆ ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಎರಡು ಪೊಟ್ಟಣಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

ಮದುವೆಗಳಿಲ್ಲದ ಆಷಾಢವಿಡೀ ಸಾಗಣೆ ನಡೆಯಿತು. ನಡುವೆ ಇನ್ನೊಂದು ಹಳೆಯ ಡಿಸ್ಕು ಟಕ್ ಟಕ್ ಎನ್ನತೊಡಗಿತು. ಅಷ್ಟರಲ್ಲಿ ಅದರೊಳಗಿನವರು ದಾಟಿಯಾಗಿತ್ತು. ಎರಡೂ ಎಸ್‌ಎಸ್‌ಡಿಗಳಿಗೆ ಒಂದೇ ಸಂಗತಿ ತುಂಬಿ, ಒಂದನ್ನು ಸ್ಟುಡಿಯೋದಲ್ಲಿಟ್ಟುಕೊಂಡರು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಕರೆಂಟು ಕಾಣದೆ ಬಹುಕಾಲ ಬಿದ್ದಿದ್ದರೆ ಇಂಥವು ತುಂಬಿಕೊಂಡದ್ದನ್ನು ಮರೆಯಬಹುದು ಎಂದು ಎಲ್ಲೋ ಕೇಳಿದ್ದರು. ಅದಕ್ಕೊಂದು ಕಟ್ಟಳೆ ಮಾಡಿದರು: ಪ್ರತಿ ಅಮಾವಾಸ್ಯೆ ಸಿಕ್ಕಿಸಿ, ಒಂದೆರಡು ಮದುವೆ ತೆರೆದು ನೋಡಬೇಕು. ಅವತ್ತು ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಅವರಿಗೆ ಬಿಡುವು. ಅಮಾವಾಸ್ಯೆ ಬೆಳಿಗ್ಗೆ ಫೋನ್ ಬಂದೇ ಬರುತ್ತಿತ್ತು. “ಕರೆಂಟ್ ಕೊಟ್ರಾ? ಎಲ್ರೂ ಔರಾ?”

ನಿಂಗಮ್ಮನ ಹುಡುಕಾಟವೂ ಶುರುವಾಯಿತು. ಪಿರಿಯಾಪಟ್ಟಣದ ಮದುವೆಗಳು ಮುಗಿದವು, ಹುಣಸೂರಿನವು ಮುಗಿದವು, ಆಯಮ್ಮ ಸಿಗಲಿಲ್ಲ. ಪುಟ್ಟಸ್ವಾಮಿ ಸಂತೆಗೆ ಬಂದಾಗ ಸ್ಟುಡಿಯೋದ ಬಾಗಿಲಲ್ಲಿ ನಿಂತು, ಕೇಳದೆ, ಜಯಕ್ಕನ ಮುಖ ನೋಡಿ ಹೋಗುತ್ತಿದ್ದರಂತೆ. “ಕೇಳ್ಬುಟ್ರೂ ವಾಸಿ. ಅಂಗ್ ನಿಂತ್ಕೊಂಡ್ರೆ ಊಟ ಸೇರಲ್ಲ” ಎಂದು ಜಯಕ್ಕ ನನ್ನ ಬಳಿ ಹೇಳಿದ್ದರು.

ಜಯಕ್ಕನನ್ನು ಕೊನೆಯ ಸಲ ನೋಡಿದ್ದು ಮೈಸೂರಿನ ಆಸ್ಪತ್ರೆಯಲ್ಲಿ. ಮೈ ಇಳಿದುಹೋಗಿತ್ತು, ದನಿ ಇಳಿದಿರಲಿಲ್ಲ. ಹೇಗಿದ್ದೀರಿ ಎಂದದ್ದಕ್ಕೆ, “ಇರೋದ್ ಕಾಣಾಕಿಲ್ವಾ? ಸತ್ತೋದ್ಲು ಅಂತ ಬರ್ಕೊಂಬುಟ್ಟೀರಾ ಮತ್ತೆ!” ಎಂದು ನಕ್ಕರು. ಆಮೇಲೆ ನನ್ನನ್ನು ಹತ್ತಿರ ಕರೆದರು. “ಸಾಲಿಗ್ರಾಮದ ಕಡೆ ಮದ್ವೆಗಳನ್ನ ನಾನ್ ನೋಡಿಲ್ಲ. ನೀವು ಅಲ್ಲಿಂದ ಶುರು ಮಾಡಿ. ಮಂಟಪ ನೋಡ್ತಾ ಕೂರ್ಬ್ಯಾಡಿ.” ಆ ತಿಂಗಳು ದಾಟುವಷ್ಟರಲ್ಲಿ ಜಯಕ್ಕ ಇರಲಿಲ್ಲ.

ಅವರಿಲ್ಲದ ಅಮಾವಾಸ್ಯೆಗಳಲ್ಲಿ ಸಾಲಿಗ್ರಾಮದ ಮದುವೆಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ನಿಂಗಮ್ಮನ ಫೋಟೋ ಪಕ್ಕದಲ್ಲಿರುತ್ತಿತ್ತು. ಒಂದು ಮಧ್ಯಾಹ್ನ, ಛತ್ರವೊಂದರ ಗೋಡೆಯ ಪಕ್ಕ, ತಾಂಬೂಲದ ಚೀಲ ತೊಡೆಯ ಮೇಲಿಟ್ಟುಕೊಂಡು ಅದೇ ಮುಖ ಕೂತಿತ್ತು. ಪುಟ್ಟಸ್ವಾಮಿಗೆ ಫೋನ್ ಮಾಡಿದೆ. ಸಂಜೆಯೊಳಗೆ ಹುಣಸೂರಿನ ನಮ್ಮ ಮನೆಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ವಿಡಿಯೋ ಓಡಿಸಿದೆ.

ಕ್ಯಾಮೆರಾದ ಹಿಂದಿನಿಂದ ಜಯಕ್ಕ ಕೇಳುತ್ತಿದ್ದರು: “ಯಾರ್ ಜೊತೆ ಬಂದ್ರವ್ವ?”

“ನನ್ ಮಗ ಬೈಕ್‌ನಾಗೆ ಬುಟ್ಬುಟ್ಟು ಓದ” ಎಂದರು ನಿಂಗಮ್ಮ. “ಊಟ ಆಗೊತ್ಗೆ ಬತ್ತೀನಿ ಅಂದಿದ್ದ. ನೋಡು, ಇನ್ನೂ ಬಂದಿಲ್ಲ.”

“ಬತ್ತಾನೆ ಬುಡವ್ವ.”

“ಬತ್ತಾನೆ. ನನ್ ಬುಟ್ಟು ಓಗೋನಲ್ಲ ಅವ್ನು” ಎಂದು ಆಕೆ ಬಾಗಿಲ ಕಡೆ ನೋಡಿದರು.

ಪುಟ್ಟಸ್ವಾಮಿ ಪರದೆಯ ಹತ್ತಿರಕ್ಕೆ ಬಗ್ಗಿದರು.

“ಬಂದೆ ಕಣವ್ವ” ಎಂದರು.