ಭಾವನ ಎಡಗೈ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಭಾವ ಚಿಕ್ಕಹನುಮಯ್ಯನವರು ಇದಕ್ಕೆ ಉಲ್ಟಾ. ನೆಲವೇ ಡೊಂಕಾಗಿದ್ದರೂ ತನ್ನ ಕಾಲನ್ನೇ ಬೈದುಕೊಳ್ಳುವ ಆಸಾಮಿ. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಅವರ ಮೇಲೆ ನನಗಿದ್ದಷ್ಟು ಪ್ರೀತಿ ಒಡಹುಟ್ಟಿದವರ ಮೇಲೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಭಾವ ಅಮೃತೂರಿನಲ್ಲಿ ದನದ ಆಸ್ಪತ್ರೆ ಕಾಂಪೌಂಡರ್. ಹಳೇ ಮೋಟಾರ್ ಸೈಕಲ್ಲಿನಲ್ಲಿ ಹಳ್ಳಿ ಸುತ್ತುತ್ತಿದ್ದರು. ಅದರ ಸದ್ದು ಕೇಳಿದರೆ ಹೆಂಗಸರು ಅವರ ಕೈ ತೊಳೆಯಲು ಒಲೆಯ ಮೇಲೆ ಬಿಸಿನೀರು ಇಡುತ್ತಿದ್ದರು. ಎಂಬತ್ತೊಂದನೇ ಇಸವಿಯಲ್ಲಿ ಒಂದು ಎಮ್ಮೆ ಒದ್ದು ಅವರ ಎಡಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ನೋವು ಹೋಗಲಿಲ್ಲ. ಹ್ಯಾಂಡಲ್ ಒತ್ತುತ್ತದೆ ಎಂದು ನಮ್ಮಕ್ಕ ಚೆನ್ನಮ್ಮ, ಅವ್ವ ತನ್ನ ಬಾಣಂತನಕ್ಕೆ ಕೊಟ್ಟಿದ್ದ ನೂಲಿನ ಸೀರೆ ಹರಿದು ಎಡಗಡೆಯ ಹಿಡಿಗೆ ಮೆತ್ತಗೆ ಸುತ್ತಿಕೊಟ್ಟಳು.

ಆಮೇಲೆ ಶುರುವಾಯಿತು ಕಾಟ. ಗಾಡಿ ನಿಲ್ಲಿಸಿದರೆ ನ್ಯೂಟ್ರಲ್ ಬೀಳುತ್ತಲೇ ಇರಲಿಲ್ಲ. ಒಂದನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ, ಕೊನೆಗೆ ಮುಂದಕ್ಕೆ ಜಗ್ಗಿ ಆಫ್. ಒಂದು ಸಲ ಸಂತೆಯಲ್ಲಿ ಸೊಪ್ಪಿನ ಮುದುಕಿಯ ಬುಟ್ಟಿಗೇ ನುಗ್ಗಿಸಿದರು.

ಕುಣಿಗಲ್‌ನ ಮೆಕ್ಯಾನಿಕ್ ವೆಂಕಟಯ್ಯ ಆಯಿಲ್ ಬದಲಾಯಿಸಿದ, ಕ್ಲಚ್ ಕೇಬಲ್ ಬಿಗಿ ಮಾಡಿದ, ಓಡಿಸಿ ನೋಡಿದ. ನ್ಯೂಟ್ರಲ್ ಸಲೀಸಾಗಿ ಬಿತ್ತು. ಊರಿಗೆ ಬಂದರೆ ಮತ್ತೆ ಅದೇ ರಾಗ. ಇನ್ನೊಂದು ಸಲ ಹೋದಾಗ ಅವನು ನಕ್ಕು, "ಗಾಡಿ ಚೆನ್ನಾಗೈತೆ ಸಾ. ನೀವೇ ಎಡಗೈಲಿ ಕ್ಲಚ್ಚು ಪೂರ್ತಿ ಒತ್ತಾ ಇಲ್ಲ" ಅಂದನಂತೆ.

ಭಾವ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. "ಕೈ ಸತ್ತೋಗೈತೆ ಕಣೇ ಚೆನ್ನಿ. ತುಮಕೂರಲ್ಲಿ ಔಷಧಿ ಗೋಡೌನ್ ಕೆಲ್ಸ ಕೇಳ್ಕತೀನಿ" ಅಂದರು. ಗೋಡೌನಿನಲ್ಲಿ ಹಸು ಉಂಟೆ, ಕರು ಉಂಟೆ? ಆ ಮನುಷ್ಯ ಅಲ್ಲಿ ಕೊರಗಿ ಹೋಗುತ್ತಿದ್ದರು. ಅಕ್ಕ, ಪಾಪ, ಹಿಡಿಗೆ ಇನ್ನೊಂದು ಸುತ್ತು ಬಟ್ಟೆ ಸುತ್ತಿದಳು.

ಆಯುಧಪೂಜೆಯ ದಿನ ಅಕ್ಕ ಗಾಡಿ ತೊಳೆದು, ಆ ಬಟ್ಟೆಯನ್ನೂ ಒಗೆದು ಬೇಲಿಯ ಮೇಲೆ ಹರವಿದ್ದಳು. ಅದೇ ಹೊತ್ತಿಗೆ ಪಕ್ಕದ ಹಳ್ಳಿಯಿಂದ ನಾನು ಓಡಿಬಂದೆ. ನಮ್ಮ ಹಸು ಈಯಲಾರದೆ ಒದ್ದಾಡುತ್ತಿತ್ತು.

"ನನ್ ಕೈಲಾಗಲ್ಲ ಕಣಮ್ಮಿ, ಬೇರೆ ಯಾರ್ನಾರಾ ಕರ್ಕೊಂಡೋಗು" ಅಂದರು ಭಾವ.

"ಯಾರ್ನ ಕರ್ಕೊಂಡೋಗ್ಲಿ, ನಿಮ್ ಗೋಡೌನ್‌ನಾ? ಸುಮ್ನೆ ಗಾಡಿ ತೆಗೀರಿ!" ಎಂದು ಕಿರುಚಿದೆ. ಬಟ್ಟೆ ಸುತ್ತಲೂ ಪುರುಸೊತ್ತು ಕೊಡದೆ ಹಿಂದೆ ಹತ್ತಿ ಕೂತೆ.

ದಾರಿಯುದ್ದಕ್ಕೂ ಅವರು ನೋವಿಗೆ ಹಲ್ಲು ಕಚ್ಚಿಕೊಂಡಿದ್ದರು. ನಮ್ಮ ಕೊಟ್ಟಿಗೆಯ ಮುಂದೆ ಗಾಡಿ ನಿಂತಿತು. ಕಾಲು ತಾಗಿಸಿದ್ದೇ ತಡ, ನ್ಯೂಟ್ರಲ್ ಬಿತ್ತು. ಭಾವ ಮತ್ತೆ ಗೇರಿಗೆ ಹಾಕಿ ತೆಗೆದರು. ಮತ್ತೆ ಬಿತ್ತು. ಬಟ್ಟೆಯಿಲ್ಲದ ಹಿಡಿಯನ್ನೇ ದಿಟ್ಟಿಸುತ್ತಾ ಕೂತರು.

"ಬಟ್ಟೆ ಕಣಮ್ಮಿ! ಅದ್ರ ದಪ್ಪಕ್ಕೆ ಕ್ಲಚ್ಚು ಪೂರ್ತಿ ಒಳಕ್ಕೆ ಬತ್ತಿರ್ಲಿಲ್ಲ."

"ಆ ವೆಂಕಟಯ್ಯನ್ ಕಣ್ಗೆ ಬೀಳಲಿಲ್ವಾ ಅದು?"

ಭಾವ ತಲೆ ತಗ್ಗಿಸಿದರು. "ಅವ್ನ ಗ್ರೀಸ್ ಕೈ ತಾಕೀತು ಅಂತ ಅಂಗ್ಡಿ ಮುಂದೆ ಬಿಚ್ಚಿ ಜೇಬಲ್ಲಿ ಇಟ್ಕೋತಿದ್ದೆ. ಚೆನ್ನಿ ಸೀರೆ ಅಲ್ವಾ."

ಅವರ ತೋಳು ಹಿಡಿದು ಎಳೆದೆ. "ಒಳಗ್ ಬನ್ನಿ ಮೊದ್ಲು, ಹಸು ಸಾಯ್ತದೆ!" ಎಂದು ಗದರಿದೆ.

ಸತ್ತೇ ಹೋಗಿದೆ ಎಂದಿದ್ದ ಆ ಎಡಗೈಯೇ ಬಲಗೈಯ ಜೊತೆ ಸೇರಿ, ಒಳಗೆ ಮಡಚಿಕೊಂಡಿದ್ದ ಕರುವಿನ ಕಾಲನ್ನು ಬಿಡಿಸಿ ತಂದಿತು. ಹೆಣ್ಣು ಕರು.

ಸಂಜೆ ಅವರ ಜೊತೆ ನಾನೂ ಹೋದೆ. ಅಕ್ಕ ಒಣಗಿದ ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಹಿಡಿಗೆ ಸುತ್ತಲು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ನನ್ನನ್ನು ಕಣ್ಣಲ್ಲೇ ತಡೆದರು.

"ಹ್ಯಾಂಡಲ್ಗೆ ಬ್ಯಾಡ, ಕೈಗೇ ಸುತ್ತೇ. ಹಿತವಾಗಿರ್ತದೆ" ಎಂದು ಮಣಿಕಟ್ಟು ಚಾಚಿದರು.

"ತುಮಕೂರಿನ್ ಕೆಲ್ಸ?" ಅಕ್ಕ ಅಳುಕುತ್ತಾ ಕೇಳಿದಳು.

"ಯಾವ್ ಕೆಲ್ಸ? ಈ ಕೈಗೇನ್ ಆಗೈತೆ ಈಗ?"

ರಿಟೈರ್ ಆಗುವವರೆಗೂ ಭಾವ ಆ ಬಟ್ಟೆ ಸುತ್ತಿಕೊಂಡೇ ಗಾಡಿ ಓಡಿಸಿದರು. ತನ್ನ ಸೀರೆಯೇ ಗಂಡನ ಕೈ ವಾಸಿ ಮಾಡಿತು ಎಂದು ಅಕ್ಕ ಇಂದಿಗೂ ಬೀದಿಗೆಲ್ಲ ಹೇಳಿಕೊಂಡು ಬರುತ್ತಾಳೆ. ನಾನು ಹೂಂ ಅನ್ನುತ್ತೇನೆ. ನನ್ನಂಥ ಬಾಯಿಬಡುಕಿಗೆ ಅದೇನು ಸಣ್ಣ ಕೆಲಸವೇ?