ಎದುರಿಗೇ ತುಂಬಿಸಿದ ನೀರು

ಅಕ್ಕೋರ ಮುಂಗೈ ಮೇಲೆ ಬೇವಿನ ಎಲೆಯ ಆಕಾರದ ಒಂದು ಬಿಳಿ ಕಲೆ ಇತ್ತು. ಶಾಲೆಯ ಪ್ರಯೋಗಾಲಯದಲ್ಲಿ ಆಸಿಡ್ ಸಿಡಿದು ಆದದ್ದು. ಎಡಗೈಯೋ ಬಲಗೈಯೋ ಎಂದು ಬರೆಯಹೋದರೆ ಪೆನ್ನು ನಿಲ್ಲುತ್ತದೆ. ಬಟ್ಟಲು ಚಾಚಿದಾಗ ಕಲೆ ಕಾಣುತ್ತಿತ್ತು, ಹಾಗಾಗಿ ಬಲಗೈ ಇರಬೇಕು ಅಂದುಕೊಳ್ಳುತ್ತೇನೆ. ಆದರೆ ಇದು ತರ್ಕ, ನೆನಪಲ್ಲ. ಮುಂದೆ ಬರೆಯುವುದರಲ್ಲೂ ಇಂಥ ಬೆರಕೆ ಇದ್ದೀತು. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಚಟವಿದ್ದರೂ, ಮುಖ್ಯವಾದ ಆ ಒಂದು ಸಂಜೆಯ ಬಗ್ಗೆ ನಾನು ಏನನ್ನೂ ಬರೆದಿಟ್ಟಿಲ್ಲ. ಬರೆಯಲು ಧೈರ್ಯವಾಗಲಿಲ್ಲವೋ, ಬರೆಯಬೇಕಾದ್ದು ಇಷ್ಟಿದೆ ಎಂದು ಆಗ ಗೊತ್ತಾಗಲಿಲ್ಲವೋ.

ಶಹಾಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರು ಸರಕಾರಿ ಹೈಸ್ಕೂಲಿನ ವಿಜ್ಞಾನದ ಟೀಚರು, ಊರಿಗೆಲ್ಲ ಅಕ್ಕೋರು. ಒಂಟಿಯಾಗಿದ್ದರು. ಮೂಲ ಕೆಂಭಾವಿ ಕಡೆಯವರು, ತಂದೆಯ ಕಾಲಕ್ಕೇ ಬೌದ್ಧರಾದ ಮನೆತನ. ಮುಂದಿನ ಕೋಣೆಯಲ್ಲಿ ಒಂದು ಸಣ್ಣ ಕಲ್ಲಿನ ಬುದ್ಧ, ಗೋಡೆಗೆ ನೀಲಿ ಕೋಟಿನ ಭಾವಚಿತ್ರ, ಕಿಟಕಿಯಾಚೆ ಗುಡ್ಡ. ಬಂದವರು ಗುಡ್ಡ ತೋರಿಸಿ, ಬುದ್ಧ ಮಲಗಿದ ಹಾಗೇ ಕಾಣುತ್ತದೆ ಎಂದು ಅವರನ್ನು ಮೆಚ್ಚಿಸಲು ನೋಡಿದರೆ, ‘ಗುಡ್ಡ ಗುಡ್ಡಾನೇ ಅದರಿ. ನಮ್ಮ ಕಣ್ಣು ಅದನ್ನ ಬುದ್ಧನ್ನ ಮಾಡ್ಯಾವ’ ಅನ್ನುತ್ತಿದ್ದರು.

ನನಗೆ ಅವರು ಮೂರು ವರ್ಷ ಪಾಠ ಮಾಡಿದರು. ಪ್ರನಾಳವನ್ನು ನಮ್ಮೆದುರೇ ತೊಳೆದು, ಬೆಳಕಿಗೆ ಹಿಡಿದು ತೋರಿಸಿ, ಆಮೇಲೆ ದ್ರಾವಣ ಹಾಕುತ್ತಿದ್ದರು. ಮೊದಲೇ ತೊಳೆದು ತಂದರೆ ಸಮಯ ಉಳಿಯುತ್ತದಲ್ಲ ಎಂದು ಯಾರೋ ಕೇಳಿದ್ದಕ್ಕೆ, ‘ಎದುರಿಗೆ ಮಾಡಲಿಲ್ಲಂದ್ರ ಅದು ಪ್ರಯೋಗ ಅಲ್ಲ, ಜಾದೂ’ ಎಂದರು. ಕೇಳಿದ್ದು ನಾನೇ ಎಂದು ಬಹಳ ದಿನ ನಂಬಿದ್ದೆ. ಈಗ ಖಾತ್ರಿಯಿಲ್ಲ.

ಅಪ್ಪ ಅದೇ ಶಾಲೆಯ ಹೆಡ್ ಕ್ಲಾರ್ಕ್. ಇಬ್ಬರೂ ಸಂಜೆ ಮಾತಾಡುತ್ತ ಕೂಡಿಯೇ ನಡೆದು ಬರುತ್ತಿದ್ದರು. ಅಕ್ಕೋರಿಗೆ ಒಮ್ಮೆ ಕಲಬುರಗಿಯಲ್ಲಿ ಆಪರೇಷನ್ ಆಗಿ ರಕ್ತ ಬೇಕಾದಾಗ ಮೊದಲು ಬಸ್ಸು ಹತ್ತಿದವರು ಅಪ್ಪ. ನಿವೃತ್ತರಾದ ಮೇಲೂ ಪೇಪರು ಹಿಡಿದು ಅವರ ಮನೆಯ ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದರು. ಅಕ್ಕೋರು ಬಾಗಿಲಿಗೆ ಬಂದು ಕೇಳುತ್ತಿದ್ದರು: ‘ಚಾ ಕುಡೀತೀರೇನ್ರಿ ಸಾಹೇಬ್ರ?’

‘ಈಗ ಕುಡದೇ ಬಂದೀನ್ರಿ ಅಕ್ಕೋರ.’

ನಮ್ಮ ಮನೆಯಲ್ಲಿ ಅವರ ಮನೆಯ ನೀರು ಮುಟ್ಟುತ್ತಿರಲಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೈಸ್ಕೂಲಿನಲ್ಲಿದ್ದಾಗ ನಾನು ಅಲ್ಲಿ ಕುಡಿಯಲು ಶುರುಮಾಡಿದೆ. ಅವ್ವ ‘ಇಕಿಗೆ ಹೇಳಾಕ ಆಗಂಗಿಲ್ಲ’ ಎಂದು ಕೈಬಿಟ್ಟಳು. ಅಪ್ಪನದು ಮಾತ್ರ ಅದೇ ಪ್ರಶ್ನೆಗೆ ಅದೇ ಉತ್ತರ. ಅಕ್ಕೋರು ಒಂದು ದಿನವೂ ಕೇಳುವುದನ್ನು ಬಿಡಲಿಲ್ಲ. ದನಿಯಲ್ಲಿ ಚುಚ್ಚು ಇರಲಿಲ್ಲ, ನಿರಾಸೆಯೂ ಇರಲಿಲ್ಲ. ಆ ದಿನ ಮೊದಲ ಸಲ ಕೇಳುತ್ತಿದ್ದಾರೆ ಅನ್ನಿಸುವ ಹಾಗೆ ಕೇಳುತ್ತಿದ್ದರು.

ಅಕ್ಕೋರ ನಿವೃತ್ತಿಗೆ ಹಳೆಯ ವಿದ್ಯಾರ್ಥಿಗಳು ಶಾಲು, ಹಾರದ ಬದಲು ಒಂದು ಕಾಫಿ ಮಷೀನು ತಂದುಕೊಟ್ಟರು. ಮೈಸೂರಿನ ತರಬೇತಿಯಲ್ಲಿ ಕುಡಿದ ಕಾಫಿಯನ್ನು ಅಕ್ಕೋರು ಕ್ಲಾಸಿನಲ್ಲಿ ಎಂದೋ ಹೊಗಳಿದ್ದನ್ನು ಅವರು ನೆನಪಿಟ್ಟಿದ್ದರಂತೆ. ಹಿಂದೆ ನೀರಿನ ಟ್ಯಾಂಕು, ಮೇಲೊಂದು ಹಿಡಿಕೆ. ಹಿಡಿಕೆ ಎತ್ತಿ, ಕಾಫಿಪುಡಿ ಮತ್ತು ಹಾಲಿನಪುಡಿ ತುಂಬಿ ಮುಚ್ಚಿದ ಪುಟ್ಟ ಡಬ್ಬಿ ಒಂದನ್ನು ಇಟ್ಟು, ಗುಂಡಿ ಒತ್ತಿದರೆ ಒಂದು ಬಟ್ಟಲು ಕಾಫಿ. ಚಹಾ ಬಿಟ್ಟು ಬೇರೇನೂ ಕುಡಿಯದ ನಮ್ಮ ಓಣಿಗೆ ಅದು ದೊಡ್ಡ ಸೋಜಿಗ.

ಅಕ್ಕೋರು ಮೊದಲ ದಿನ ಯಾರಿಗೂ ಕಾಫಿ ಕೊಡಲಿಲ್ಲ. ಸೂಚನೆಯ ಪುಸ್ತಕವನ್ನು ಪರೀಕ್ಷೆಗೆ ಓದುವವರಂತೆ ಅಡಿಗೆರೆ ಹಾಕುತ್ತ ಓದಿದರು. ಟ್ಯಾಂಕು ತೊಳೆದರು. ಡಬ್ಬಿ ಇಲ್ಲದೆ ಬರೇ ನೀರು ಓಡಿಸಿದರು, ಮತ್ತೆ ಓಡಿಸಿದರು. ‘ಮಷೀನಿನ ಹೊಟ್ಟಿ ಮೊದಲ ತೊಳೀಬೇಕು’ ಎಂದರು. ನಮ್ಮ ಬೋರಿನ ನೀರು ಗಡಸು. ಸ್ಟೀಲಿನ ಕೊಡಕ್ಕೂ ಬಿಳಿ ಪದರ ಕಟ್ಟುತ್ತದೆ. ಅದಕ್ಕೆ ನೀರು ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಮಣ್ಣಿನ ಹರವಿಯಲ್ಲಿ ಇಡುತ್ತಿದ್ದರು. ಅಷ್ಟಾದರೂ ಕೆಲ ವಾರಗಳಿಗೆ ಕೆಂಪು ದೀಪ ಮಿಣುಕತೊಡಗುತ್ತಿತ್ತು. ಆಗ ನಿಂಬೆ ಉಪ್ಪು ಕರಗಿಸಿ ಓಡಿಸುವರು. ಹೊರಬಂದ ಬಿಳಿ ಕೆಸರನ್ನು ಬೆರಳಿನಿಂದ ತೆಗೆದು ನನಗೆ ತೋರಿಸಿ, ‘ನೋಡು, ಇದು ನಮ್ಮೂರ ಬಂಡಿಗಲ್ಲು. ಕರಗಿ ನಮ್ಮನಿ ತನಕಾ ಬಂದಾದ’ ಎಂದಾಗ ಅವರ ಮುಖದಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ಇದ್ದಳು.

ಓಣಿ ನೋಡಲು ಬಂತು. ಎದುರು ಮನೆಯ ಟೇಲರ್ ಖಾಲಾ ಎಂದಿನಿಂದಲೂ ಅಲ್ಲಿ ಚಹಾ ಕುಡಿದವಳೇ. ಕಾಫಿ ಹೀರಿ, ‘ಕಮಾಲ್ ಅದ ಅಕ್ಕೋರ! ನಮ್ಮ ಸೊಸಿಕಿಂತಾ ಬೇಷ್. ಗುಂಡಿ ಒತ್ತಿದ್ರ ಕೊಡ್ತದ, ಮಾರಿ ಗಂಟು ಹಾಕಂಗಿಲ್ಲ’ ಎಂದು ಎಲ್ಲರನ್ನೂ ನಗಿಸಿದಳು. ಆದರೆ ಅವಳ ಹಿಂದೆಯೇ, ಆ ಹೊಸ್ತಿಲೊಳಗೆ ಎಂದೂ ಏನೂ ಬಾಯಿಗಿಡದವರೂ ಬಂದರು. ಬಟ್ಟೆ ಅಂಗಡಿಯ ಕಾಕು ಬಂದರು, ಕುಡಿದರು, ಇನ್ನೊಂದು ಸಲವೂ ಬಂದರು. ಆ ದಿನ ನಾನೂ ಇದ್ದೆ.

‘ಛಲೋ ಆತು ನೋಡ್ರಿ ಅಕ್ಕೋರ,’ ಎಂದರು ಕಾಕು, ಬಹಳ ಪ್ರೀತಿಯಿಂದಲೇ. ‘ಎಲ್ಲಾ ಪ್ಯಾಕ್ ಆಗಿ ಬರ್ತದ, ಎಲ್ಲಾ ಮಷೀನೇ ಮಾಡ್ತದ. ಯಾರ ಕೈನೂ ಹತ್ತಂಗಿಲ್ಲ.’

ಖಾಲಾ ನನ್ನ ಮುಖ ನೋಡಿದಳು. ಅಕ್ಕೋರು ‘ಹೌದ್ರಿ’ ಎಂದರು, ಕಾಕುವಿನ ಖಾಲಿ ಬಟ್ಟಲು ತೆಗೆದುಕೊಂಡು ಒಳಗೆ ಹೋದರು.

ಮರುದಿನದಿಂದ ಮಷೀನಿನ ಟ್ಯಾಂಕು ಖಾಲಿ ಇರತೊಡಗಿತು. ಯಾರೇ ಬರಲಿ, ಅಕ್ಕೋರು ಅಡುಗೆಮನೆಯಿಂದ ಹರವಿಯನ್ನೇ ಎತ್ತಿ ತಂದು ಮೇಜಿನ ಮೇಲೆ ಇಡುವರು. ತಮ್ಮ ದಿನಬಳಕೆಯ ತಂಬಿಗೆಯಿಂದ ನೀರು ಮೊಗೆದು, ಬಂದವರ ಎದುರಿಗೇ ಟ್ಯಾಂಕು ತುಂಬುವರು. ಆಮೇಲೆ ಅವರ ಕಡೆ ತಿರುಗಿ, ‘ಕುಡೀತೀರಿ?’ ಎಂದು ಕೇಳುವರು. ಖಾಲಾ ಕುಡಿದಳು. ಕೆಲವರು ಕುಡಿದರು. ಕಾಕುಗೆ ಅಂಗಡಿಯ ನೆನಪಾಯಿತು.

ನಾನು ಕೇಳಿದೆ, ‘ಅಕ್ಕೋರ, ಮುಂಜಾನೆ ಒಮ್ಮೆ ತುಂಬಿಟ್ರ ದಿನಾ ಪೂರಾ ಸಾಕಾಗಂಗಿಲ್ಲೇನ್ರಿ?’

‘ಟ್ಯಾಂಕಿನಾಗ ನೀರು ನಿಂತ್ರ ಉಪ್ಪು ಹಿಡೀತದ. ಪುಸ್ತಕದಾಗ ಬರದಾರ, ಓದ್ಕೋ.’

ಪುಸ್ತಕದಲ್ಲಿ ಹಾಗೆ ಬರೆದದ್ದು ನಿಜ. ನಾನು ಓದಿದೆ. ಅವರು ಹೇಳಿದ್ದಷ್ಟೇ ಕಾರಣವೋ, ಕಾಕುವಿನ ಮಾತೂ ಕಾರಣವೋ, ಎದುರಿಗೇ ಮಾಡಬೇಕೆಂಬ ಹಳೆಯ ಪ್ರಯೋಗಾಲಯದ ಹಟವೋ ನನಗೆ ಇಂದಿಗೂ ತಿಳಿಯದು. ಅವರ ಬಗ್ಗೆ ನನ್ನೊಳಗಿರುವ ಬೆರಗು ಈ ಕಾರಣಗಳನ್ನು ಹುಟ್ಟಿಸುತ್ತಿದೆಯೇ ಎಂದೂ ಕೇಳಿಕೊಂಡಿದ್ದೇನೆ. ಆದರೆ ಹರವಿ ಭಾರವಾಗಿತ್ತು, ಅವರ ಮೊಣಕಾಲು ನೋಯುತ್ತಿತ್ತು. ಅಡುಗೆಮನೆಯಿಂದ ಅದನ್ನು ಎತ್ತಿ ತರಬೇಕೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಇಷ್ಟರಲ್ಲಿ ಅಪ್ಪ ಒಂದು ದಿನ ಕಟ್ಟೆಯಿಂದಲೇ, ‘ನಾಳಿ ನಿಮ್ಮ ಮಷೀನಿನ ಕಾಫಿ ನೋಡೇ ಬಿಡೂಣ್ರಿ ಅಕ್ಕೋರ’ ಎಂದರು. ಹಾಗೆ ಅನ್ನಲು ಅವರಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಗಿತ್ತು. ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ನನಗೆ ಖುಷಿಗಿಂತ ದಿಗಿಲೇ ಹೆಚ್ಚಾಯಿತು. ಅವರ ಎದುರಿಗೆ ಹರವಿ ಬಂದರೆ ಏನಾದೀತು? ಅಪ್ಪ ಎದ್ದು ಬಂದುಬಿಟ್ಟರೆ ಆ ಕಟ್ಟೆಯ ಸಂಜೆಗಳೂ ಮುಗಿದವು. ನಾನು ಮುಂಚೆಯೇ ಅಕ್ಕೋರಲ್ಲಿಗೆ ಓಡಿದೆ.

‘ಇವತ್ತೊಂದಿನ ಮೊದಲೇ ತುಂಬಿಡ್ಲೇನ್ರಿ?’

‘ಯಾಕ?’

ನಾನು ಖಾಲಿ ಟ್ಯಾಂಕಿನ ಕಡೆ ನೋಡಿದೆ. ಅವರೇ ಹೇಳಿದರು: ‘ನೋಡವಾ, ಸಾಹೇಬ್ರು ಕುಡದ್ರ ನಮ್ಮನಿ ನೀರು ಕುಡೀಲಿ. ಇಲ್ಲಾಂದ್ರ ಪೇಪರ್ ಓದಿ ಹೋಗ್ಲಿ. ಅವರ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಮಷೀನಿನ ಮರ್ಯಾಗ ನಿಂತು ನಾ ಯಾರಿಗೂ ಕಾಫಿ ಕೊಡಂಗಿಲ್ಲ.’

ಅಪ್ಪ ಬಂದರು. ಕಟ್ಟೆ ದಾಟಿ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಮಷೀನನ್ನು ಸುತ್ತ ನೋಡಿ ಹೊಗಳಿದರು. ಅಕ್ಕೋರು ಹರವಿ ತಂದು ಇಟ್ಟರು. ತಂಬಿಗೆ ಮುಳುಗಿದ ಸದ್ದಿಗೆ ಅಪ್ಪನ ಮಾತು ನಿಂತಿತು. ನೀರು ಟ್ಯಾಂಕಿಗೆ ಬಿತ್ತು, ಮತ್ತೊಂದು ತಂಬಿಗೆ ಬಿತ್ತು. ಪ್ರನಾಳ ಹಿಡಿದಂತೆ ಟ್ಯಾಂಕನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮಷೀನಿಗೆ ಕೂಡಿಸಿದರು. ಡಬ್ಬಿ ಇನ್ನೂ ಕೈಯಲ್ಲೇ ಇತ್ತು.

‘ಕುಡೀತೀರೇನ್ರಿ ಸಾಹೇಬ್ರ?’

ಅದೇ ದನಿ. ದಿನದ ದನಿ. ಅಪ್ಪ ‘ಈಗ...’ ಎಂದರು. ನಾನು ತಡೆಯಲಾರದೆ ಕಿಟಕಿಯ ಕಡೆ ತಿರುಗಿದೆ. ಗುಡ್ಡವನ್ನೇ ನೋಡುತ್ತ ನಿಂತೆ. ಆ ಮೇಲಿನದೆಲ್ಲ ನನಗೆ ಬೆನ್ನ ಹಿಂದೆ ಕೇಳಿಸಿದ್ದು: ಹಿಡಿಕೆ ಕೆಳಗಿಳಿದದ್ದು, ಮಷೀನು ಗುರುಗುಟ್ಟಿದ್ದು, ಬಟ್ಟಲು ತಟ್ಟೆಗೆ ತಾಗಿದ್ದು. ಆಮೇಲೆ ಅಪ್ಪನ ದನಿ: ‘ಕಹಿ ಅದಲ್ರಿ.’

‘ಕಾಫಿ ಅಂದ್ರ ಕಹೀನೇ ಇರ್ತದ್ರಿ. ಸಕ್ಕರಿ ತರ್ಲೇನು?’

‘ಬ್ಯಾಡ್ರಿ. ಹಿಂಗೇ ಇರ್ಲಿ.’

ತಿರುಗಿದಾಗ ಬಟ್ಟಲು ಮೇಜಿನ ಮೇಲಿತ್ತು. ಅಪ್ಪನ ಬಿಳಿ ಮೀಸೆಯ ತುದಿಯಲ್ಲಿ ಕಂದು ನೊರೆ ಇತ್ತು. ಇದನ್ನು ನಾನು ಕಂಡೆ. ಕಂಡೆ ಎಂದೇ ಬರೆಯುತ್ತೇನೆ.

ಮನೆಗೆ ಬಂದೊಡನೆ ಅವ್ವ ಅಡುಗೆಮನೆಯಿಂದಲೇ ಕೇಳಿದಳು, ‘ಕುಡದ್ರ್ಯಾ, ಮಷೀನಿಂದು?’

ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತ, ‘ಇಲ್ಲ. ಸುಮ್ಮ ಮಾತಾಡಿ ಬಂದೆ’ ಎಂದರು.

ದೊಡ್ಡ ದನಿಯಲ್ಲಿ ಹೇಳಿದರು. ನಮ್ಮ ಅಡುಗೆಮನೆಯ ಗೋಡೆಯ ಆಚೆ ಅಕ್ಕೋರ ಕೋಣೆ. ಅಲ್ಲಿ ತಟ್ಟೆ ತೊಳೆಯುವ ಸದ್ದು ನಮಗೆ ಕೇಳಿಸುತ್ತಿತ್ತು ಅಂದಮೇಲೆ ನಮ್ಮ ಮಾತು ಅಲ್ಲಿಗೆ ಕೇಳಿಸದೆ ಇದ್ದೀತೆ?

ಮರುದಿನ ಸಂಜೆ ಅಪ್ಪ ಪೇಪರು ಹಿಡಿದು ಕಟ್ಟೆಯ ಮೇಲೆ ಕೂತರು. ಅಕ್ಕೋರು ಬಾಗಿಲಿಗೆ ಬಂದರು. ‘ಕಾಫಿ ಕುಡೀತೀರೇನ್ರಿ ಸಾಹೇಬ್ರ?’ ಚಹಾದ ಜಾಗಕ್ಕೆ ಕಾಫಿ ಬಂದಿತ್ತು, ಅಷ್ಟೇ. ‘ಈಗ ಕುಡದೇ ಬಂದೀನ್ರಿ’ ಎಂದರು ಅಪ್ಪ. ನನಗೆ ಮೈಯೆಲ್ಲ ಉರಿಯಿತು. ಅಪ್ಪ ಹೋದ ಮೇಲೆ ಅಕ್ಕೋರನ್ನು ಕೇಳಿದೆ, ‘ದಿನಾ ಕೇಳಾಕ ಬ್ಯಾಸರ ಆಗಂಗಿಲ್ಲೇನ್ರಿ ನಿಮಗ?’

ಅವರು ಮಷೀನಿನ ಕೆಳಗಿನ ತಟ್ಟೆ ಒರೆಸುತ್ತಿದ್ದರು. ‘ಕೇಳೂದು ನನ್ನ ಕೆಲಸ. ಹ್ಞೂಂ ಅನ್ನೂದು, ಉಹ್ಞೂಂ ಅನ್ನೂದು ಅವರ ಕೆಲಸ. ಅವರ ಕೆಲಸಾನೂ ನಾನೇ ಮಾಡಿದ್ರ ನನಗೇನು ಎರಡು ಪಗಾರ ಕೊಡ್ತಾರೇನು?’ ಎಂದು ನಕ್ಕರು.

ಆ ಸಂಜೆಯ ಬಗ್ಗೆ ಅವರು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಖಾಲಾಗೂ ಹೇಳಲಿಲ್ಲ, ಹೇಳಿದ್ದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ‘ನಿಮ್ಮಪ್ಪ ಕುಡಿದಿದ್ದಾರೆ’ ಎಂದು ಒಂದೇ ಸಲ ಅಂದಿದ್ದರೆ ಗೆಲ್ಲಬಹುದಾಗಿತ್ತು. ಗೆಲ್ಲುವುದು ಅವರಿಗೆ ಬೇಕಿರಲೇ ಇಲ್ಲವೇನೋ. ಇಷ್ಟು ವರ್ಷ ಓದಿ, ಟೀಚರಾಗಿ ಪಾಠ ಮಾಡಿ, ಸಮಾನತೆಯ ಬಗ್ಗೆ ಭಾಷಣ ಕೇಳಿ ನಾನು ಕಾಣದ ಎತ್ತರವೊಂದು ನನ್ನ ಪಕ್ಕದ ಮನೆಯಲ್ಲಿ ಮೊಣಕಾಲು ನೋವಿನಲ್ಲಿ ಹರವಿ ಎತ್ತುತ್ತಿತ್ತು.

ಕಳೆದ ಮಳೆಗಾಲದ ಕೊನೆಗೆ ಅವರು ತೀರಿಕೊಂಡರು. ಒಂದೇ ವಾರದ ಜ್ವರ. ಅಪ್ಪ ಚಪ್ಪಲಿ ಇಲ್ಲದೆ ಕೊನೆಯ ತನಕ ನಡೆದರು, ಮಣ್ಣು ಹಾಕಿದರು. ಮನೆಗೆ ಬಂದು ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಂಡರು. ಸಾವಿಗೆ ಹೋಗಿ ಬಂದವರೆಲ್ಲ ಮಾಡುವ ಸ್ನಾನವೇ ಅದು ಎಂದು ನನಗೆ ನಾನೇ ಹೇಳಿಕೊಂಡೆ. ಆ ಕಾಫಿಯ ಸಂಜೆ ಅಕ್ಕೋರ ಕೋಣೆಯಲ್ಲಿ ಇದ್ದವರು ಮೂವರು, ಈಗ ಇಬ್ಬರು. ಅವರಲ್ಲಿ ಒಬ್ಬಳು ಕಿಟಕಿಯ ಕಡೆ ತಿರುಗಿ ನಿಂತವಳು.

ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಟವೆಲ್ಲಿನಿಂದ ತಲೆ, ಮುಖ ಒರೆಸಿಕೊಳ್ಳುತ್ತಿದ್ದರು. ಅವ್ವ ಅಲ್ಲೇ ಒಲೆಯ ಮುಂದೆ ಇದ್ದಳು. ನಾನು ಅವಳಿಗೂ ಕೇಳುವಷ್ಟು ದೊಡ್ಡ ದನಿಯಲ್ಲೇ ಕೇಳಿದೆ:

‘ಅಪ್ಪಾ, ಆವತ್ತು ನೀವು ಅಕ್ಕೋರ ಮನಿ ಕಾಫಿ ಕುಡದಿದ್ರಿ, ಹೌದಲ್ರಿ?’

ಟವೆಲ್ಲು ಮುಖದ ಮೇಲೆ ನಿಂತಿತು. ಅವ್ವ ತಿರುಗಿ ನೋಡಿದಳು. ಅಪ್ಪ ಇನ್ನೂ ಉತ್ತರ ಕೊಟ್ಟಿಲ್ಲ.