ಸ್ಟಿಕ್ಕರ್ ಹರಿದ ಗ್ರಾಫಿಕ್ಸ್ ಕಾರ್ಡು

ಪೆಟ್ಟು ತಿಂದವಳು ನನ್ನ ನಾದಿನಿ. ಕಾರ್ಡು ತಯಾರಿಸಿದ ಕಂಪನಿಗಾಗಲಿ, ಮಾರಿದ ಸಾಗರದ ಅಂಗಡಿಗಾಗಲಿ ಏನೂ ಆಗಲಿಲ್ಲ.

ರಿಪ್ಪನ್‌ಪೇಟೆಯಲ್ಲಿ ಅವಳದೊಂದು ಪುಟ್ಟ ಸ್ಟುಡಿಯೊ. ಹೊಸನಗರ, ತೀರ್ಥಹಳ್ಳಿ ಕಡೆಯ ಮದುವೆಗಳ ವಿಡಿಯೊಗಳನ್ನು ಅಲ್ಲಿ ಎಡಿಟ್ ಮಾಡುತ್ತಾಳೆ. ಆ ಕೆಲಸದ ಭಾರ ಹೊರುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡು. ಅದು ನಿಂತರೆ ಸ್ಟುಡಿಯೊ ನಿಂತಂತೆ. ಇನ್ನೊಂದನ್ನು ಕೊಳ್ಳುವ ಶಕ್ತಿ ಅವಳಿಗಿಲ್ಲ.

ತೇವದಿಂದ ತುಕ್ಕು ಹಿಡಿದರೆ ವಾರಂಟಿ ಸಿಗದೆಂದು ಅಂಗಡಿಯವರು ಮಾರುವಾಗಲೇ ಎಚ್ಚರಿಸಿದ್ದರು. ನಮ್ಮಲ್ಲಿ ಮಳೆಗಾಲದಲ್ಲಿ ಕ್ಯಾಮೆರಾಕ್ಕೆ ಬೂಷ್ಟು ಹಿಡಿಯದಂತೆ ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಡುವುದು ವಾಡಿಕೆ. ಅವಳು ಕಂಪ್ಯೂಟರಿಗೂ ಅದೇ ಉಪಚಾರ ಮಾಡಿದಳು. ಗಾಳಿಕಿಂಡಿಗಳಿಗೆ ಬಟ್ಟೆ ಕಟ್ಟಿ, ಪಕ್ಕದಲ್ಲಿ ಬಲ್ಬು ಹಚ್ಚಿಟ್ಟಳು. ತೇವ ಒಳಗೆ ಬರಲಿಲ್ಲ. ಬಿಸಿ ಹೊರಗೆ ಹೋಗಲಿಲ್ಲ. ಮಳೆಗಾಲ ಕಳೆದು ಮದುವೆಗಳು ಶುರುವಾದಾಗ, ವಿಡಿಯೊ ಅರ್ಧ ತಯಾರಾಗುವಷ್ಟರಲ್ಲಿ ಪರದೆ ಕಪ್ಪಾಗತೊಡಗಿತು. ಬಟ್ಟೆ ಬಿಚ್ಚಿ, ಬಲ್ಬು ತೆಗೆದರೂ ಸರಿಹೋಗಲಿಲ್ಲ.

ಇಬ್ಬರೂ ಸಾಗರಕ್ಕೆ ಹೋದೆವು.

“ಗಾಳಿ ಆಡದಿದ್ರೆ ಕಾರ್ಡ್ ಬೇಯ್ದೆ ಇನ್ನೆಂತ ಆಗ್ತದೆ ಮೇಡಂ?” ಎಂದರು ಅಂಗಡಿಯವರು.

“ತೇವ ತಾಗಿಸ್ಬೇಡಿ ಅಂದವ್ರು ನೀವೇ ಅಲ್ವಾ?” ಎಂದಳು ನಾದಿನಿ.

“ಅಂದೆ. ಕಂಬಳಿ ಹೊದಿಸಿ ಅಂದ್ನಾ? ಈಗ ಒಳಗೆ ಧೂಳು ಕೂತಿರ್ತದೆ.”

“ಹಂಗಾರೆ ಬಿಚ್ಚಿ ಒರೆಸ್ತೀನಿ.”

“ತಿರುಪಿನ ಮೇಲಿನ ಸ್ಟಿಕ್ಕರ್ ಹರಿದ್ರೆ ವಾರಂಟಿ ಹೋಯ್ತು. ನಾನು ಬಿಚ್ಚಿದ್ರೂ ಅಷ್ಟೇ. ಕಂಪನಿಗೆ ಕಳಿಸ್ಬೇಕು. ಯಾವಾಗ ವಾಪಸ್ ಬರ್ತದೆ ಅಂತ ಮಾತ್ರ ಕೇಳ್ಬೇಡಿ.”

ಈ ತಪ್ಪುಗಳನ್ನು ಒಂದೊಂದಾಗಿ ಹೇಳಲೇಬೇಕು. ಮಲೆನಾಡಿನಲ್ಲಿ ಮಾರಿ, ಮಲೆನಾಡಿನ ಹವೆಯನ್ನು ಕೊಂಡವರ ತಪ್ಪೆಂದು ಬರೆಯುವುದು ಅನ್ಯಾಯ. ಧೂಳು ತೆಗೆಯುವಂಥ ಸಾಮಾನ್ಯ ಆರೈಕೆಯನ್ನು ಅಪರಾಧವಾಗಿಸುವುದು ಅನ್ಯಾಯ. ಮದುವೆಗಳ ಕಾಲದಲ್ಲಿ ಅವಧಿ ಹೇಳದೆ ಕಾರ್ಡು ಕಳಿಸೆನ್ನುವುದು, ಸ್ಟುಡಿಯೊ ಮುಚ್ಚೆನ್ನುವುದಕ್ಕಿಂತ ಬೇರೆಯಲ್ಲ.

ವಾರಂಟಿ ಉಳಿಸಿಕೊಂಡರೆ ಕೆಲಸ ಹೋಗುತ್ತಿತ್ತು. ಅವಳು ಕೆಲಸವನ್ನು ಆರಿಸಿಕೊಂಡಳು. ಸ್ಟುಡಿಯೊಗೆ ಮರಳಿದ ಮೇಲೆ ನಾನು ಗ್ರಾಹಕರ ಹಕ್ಕುಗಳ ಮಾತು ತೆಗೆದೆ.

“ಅತ್ತಿಗೆ, ಭಾಷಣ ಆಮೇಲೆ ಮಾಡಿ. ಈಗ ಟಾರ್ಚ್ ಹಿಡೀರಿ,” ಎಂದು ಸ್ಟಿಕ್ಕರಿನ ಮೇಲೆ ಬ್ಲೇಡು ಎಳೆದಳು.

ಪಕ್ಕದ ಅಡಿಕೆ ಮಂಡಿಯ ಧೂಳು, ಬಿಸಿ ಹೊರಹಾಕುವ ಲೋಹದ ಪದರಗಳ ನಡುವೆ ಹತ್ತಿಯಂತೆ ಗಿಡಿದುಕೊಂಡಿತ್ತು. ಮುಖ್ಯ ಚಿಪ್ಪಿನ ಬಿಸಿಯನ್ನು ಲೋಹಕ್ಕೆ ದಾಟಿಸುವ ಪೇಸ್ಟು ಒಣಗಿ ಸುಣ್ಣವಾಗಿತ್ತು. ಸುತ್ತಲಿನ ಮೆಮೊರಿ ಚಿಪ್ಪುಗಳ ಬಿಸಿ ಹೀರುವ ಮೆತ್ತನೆಯ ಪ್ಯಾಡುಗಳು ತೆಗೆಯುವಾಗಲೇ ಹರಿದವು. ಹೊಸ ಪ್ಯಾಡು ದಪ್ಪವಾದರೆ ಮುಖ್ಯ ಚಿಪ್ಪಿಗೆ ಲೋಹ ತಾಗದು. ತೆಳುವಾದರೆ ಮೆಮೊರಿ ಸುಟ್ಟುಹೋದೀತು. ಸರಿಯಾದ ದಪ್ಪವೆಷ್ಟೆಂದು ಕಂಪನಿ ಎಲ್ಲೂ ತಿಳಿಸಿರಲಿಲ್ಲ. ನಾದಿನಿ ಮಕ್ಕಳಾಟದ ಕ್ಲೇಯನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಚಿಪ್ಪುಗಳ ಮೇಲಿಟ್ಟು, ಲೋಹವನ್ನು ಒತ್ತಿ ತೆಗೆದಳು. ಚಪ್ಪಟೆಯಾದ ತುಣುಕುಗಳನ್ನು ಅಳೆದು, ಅದೇ ದಪ್ಪದ ಪ್ಯಾಡು ತರಿಸಿದಳು. ಹೊಸ ಪೇಸ್ಟು ಹಚ್ಚಿದಳು. ಕಾರ್ಡಿನ ಸಣ್ಣ ಫ್ಯಾನುಗಳನ್ನು ಕಳಚಿ, ಎರಡು ದೊಡ್ಡ ಫ್ಯಾನುಗಳನ್ನು ಪ್ಲಾಸ್ಟಿಕ್ ಟ್ಯಾಗುಗಳಿಂದ ಬಿಗಿದಳು. ಧೂಳು ತಡೆಯಲು ಸೊಳ್ಳೆಪರದೆಯ ತುಂಡು ಕಟ್ಟಿದಳು.

ಮತ್ತೆ ವಿಡಿಯೊ ಹಚ್ಚಿದಾಗ ಇಬ್ಬರೂ ಪರದೆಯ ಮೂಲೆಯ ಉಷ್ಣಾಂಶವನ್ನೇ ನೋಡುತ್ತ ಕುಳಿತೆವು. ಅಂಕಿ ಏರಿತು. ಮೊದಲು ಪರದೆ ಕಪ್ಪಾಗುತ್ತಿದ್ದ ಮಟ್ಟದತ್ತ ಇನ್ನೂ ಏರಿತು. ಅವಳ ಬೆರಳು ಸ್ವಿಚ್ಚಿನ ಮೇಲಿತ್ತು. ಆ ಮಟ್ಟಕ್ಕಿಂತ ಸಾಕಷ್ಟು ಕೆಳಗೇ ಅಂಕಿ ನಿಂತಿತು. ವಿಡಿಯೊ ಪೂರ್ತಿಯಾಗಿ ಹೊರಬಂದ ಮೇಲಷ್ಟೇ ಅವಳು ಕೈ ತೆಗೆದಳು.

ಆ ಸಲದ ಮದುವೆಗಳೆಲ್ಲ ಮುಗಿದವು. ಈಗ ಕಾರ್ಡಿನಲ್ಲಿ ಮಾನಿಟರಿನ ವೈರು ಸಿಕ್ಕಿಸುವ ಎರಡು ಪೋರ್ಟುಗಳ ಪೈಕಿ ಒಂದು ಸತ್ತಿದೆ. ಅದಕ್ಕೂ ಅವಳು ಮಾಡಿದ ಬದಲಾವಣೆಗೂ ಸಂಬಂಧವಿಲ್ಲ. ಆದರೂ ಅಂಗಡಿಯವರು ಹರಿದ ಸ್ಟಿಕ್ಕರ್ ನೋಡಿ ಕಾರ್ಡನ್ನು ಹಿಂದಕ್ಕೆ ತಳ್ಳಿದರು. ಉಳಿದ ಪೋರ್ಟೂ ಕೈಕೊಟ್ಟರೆ ಸ್ಟುಡಿಯೊ ಮುಚ್ಚುತ್ತದೆ.

ಕಂಪನಿಯವರೇ, ಅಂಗಡಿಯವರೇ, ವಾರಂಟಿಯ ಅವಧಿ ಇನ್ನೂ ಮುಗಿದಿಲ್ಲ. ಪೋರ್ಟು ಕೆಟ್ಟಿದ್ದು ಅವಳ ಕೈಯಿಂದಲೇ ಎಂದಾದರೆ ಕಾರಣ ಬರೆದು, ಸಹಿ ಹಾಕಿ ಕೊಡಿ. ಅದಾಗದಿದ್ದರೆ ಕಾರ್ಡನ್ನು ವಾರಂಟಿಯಲ್ಲೇ ಸ್ವೀಕರಿಸಿ, ದುರಸ್ತಿ ಮಾಡಿ. ಅದು ಹಿಂದಿರುಗುವವರೆಗೆ ಅವಳ ಕೆಲಸ ನಿಲ್ಲದಂತೆ ಬದಲಿ ಕಾರ್ಡೊಂದನ್ನು ಕೊಡಿ.